ಶನಿಯ ಬಳೆ ಕಂಡವರು

ಅಪ್ಪಾ,

ಮೊದಲಿಗೆ ತಪ್ಪೊಪ್ಪಿಗೆ. ಇವತ್ತು ಸಂಜೆ ಇನ್ನೂರು ಜನರ ಎದುರು ನಿಮ್ಮ ಜೋಕು ಕದ್ದೆ. "ಇಷ್ಟು ದಿನ ಶನಿ ನಮ್ಮನ್ನ ನೋಡ್ಕೊಂಡ, ಇವತ್ತು ನಾವು ಅವನನ್ನ ನೋಡ್ಕೊಳ್ಳೋಣ!" ಜನ ನಕ್ಕರು, ನಾನು ಮಾತ್ರ ನಿಮ್ಮ ಹೆಸರು ಹೇಳಲಿಲ್ಲ.

ನಿಮ್ಮ ಖಗೋಳ ಕ್ಲಬ್ಬು ನೀವು ಹೋದ ಮೇಲೆ ಮುಚ್ಚಿಯೇ ಹೋಯಿತು ಎಂದಿದ್ದರಲ್ಲ ಊರವರು? ಲೈಬ್ರರಿ ತಾರಸಿಯಿಂದ ಬೀದಿಯವರೆಗೆ ಸಾಲು! "ಆರನೇ ವಯಸ್ಸಿಗೇ ಶನಿಯ ಬಳೆ ಕಂಡವನು ನಾನು" ಎಂದು ಭಾಷಣ ಬಿಗಿದೆ. ದೂರದರ್ಶಕಕ್ಕೆ ಕಣ್ಣಿಟ್ಟವರೆಲ್ಲ "ಅಬ್ಬಾ!" ಎಂದರು. ನಾನು ಉಬ್ಬಿದೆ.

ಆಮೇಲೆ ಒಬ್ಬ ಟೈಲರ್ ಅಜ್ಜಿ ಬಂದರು. "ಇದರಲ್ಲಿ ಏನೂ ಇಲ್ವಲ್ಲಪ್ಪಾ."

"ಸರಿಯಾಗಿ ನೋಡಿ ಅಜ್ಜಿ."

"ನಲವತ್ತು ವರ್ಷ ಸೂಜಿಗೆ ದಾರ ಪೋಣಿಸಿದ ಕಣ್ಣಿದು. ನೀನೇ ನೋಡು."

ನೋಡಿದೆ. ಬರೀ ಕತ್ತಲೆ. ಭೂಮಿ ತಿರುಗುತ್ತದೆಂದು ಅರ್ಧ ಗಂಟೆ ಕೊರೆದವನು, ಅದಕ್ಕೆ ತಕ್ಕಂತೆ ದೂರದರ್ಶಕವನ್ನು ಸರಿಸುವುದನ್ನೇ ಮರೆತಿದ್ದೆ. ಶನಿ ಯಾವಾಗಲೋ ಜಾರಿಹೋಗಿದ್ದ. ನೀವು ಮಾತಾಡುತ್ತಲೇ ಒಬ್ಬೊಬ್ಬರಿಗೂ ಸರಿಸಿ ಕೊಡುತ್ತಿದ್ದಿರಿ. ಪಾಪ, ಜನ ನನ್ನ ಮರ್ಯಾದೆ ಉಳಿಸಲು "ಅಬ್ಬಾ" ಎಂದಿದ್ದರು.

ಎಲ್ಲರನ್ನೂ ಮತ್ತೆ ಕರೆದು ತೋರಿಸಿದೆ. ಅಜ್ಜಿಯೇ ಮೊದಲು. ಅವರು "ಅಬ್ಬಾ" ಎನ್ನಲಿಲ್ಲ. ಸುಮ್ಮನೆ ನನ್ನ ಕೈ ಹಿಡಿದುಕೊಂಡರು. ನೀವು ನೋಡಬೇಕಿತ್ತು.

ಇನ್ನೊಂದು ಮಾತು. ಆರನೇ ವಯಸ್ಸಿನಲ್ಲಿ ನೀವು ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ "ಕಾಣ್ತಾ ಪುಟ್ಟಾ?" ಎಂದಿರಲ್ಲ, ಆಗ ನಾನು ದೂರದರ್ಶಕಕ್ಕಿಟ್ಟ ಕಣ್ಣನ್ನೇ ಮುಚ್ಚಿಕೊಂಡಿದ್ದೆ. ತೆರೆದಿದ್ದ ಇನ್ನೊಂದು ಕಣ್ಣಿಗೆ ಕಂಡದ್ದು ನಿಮ್ಮ ಅಂಗಿಯ ಗುಂಡಿ ಮಾತ್ರ. ಆದರೂ "ಅಬ್ಬಾ" ಎಂದೆ.