ನಿನ್ನ ಅಣ್ಣನನ್ನು ಕರೆತಂದದ್ದು

ಮನೆಯಿಂದ,
ಮಾರ್ಚ್ ೯, ಭಾನುವಾರ

ಪ್ರೀತಿಯ ಪುಟ್ಟೂ,

ನಿನ್ನ ಎರಡು ಪತ್ರಗಳೂ ಬಂದವು. ಉತ್ತರ ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಬಂದವರಿಗೆ ಕುರ್ಚಿ ಹಾಕಿ, ಹೋದವರದನ್ನು ತೆಗೆಯುವುದರಲ್ಲೇ ಹೊತ್ತು ಹೋಗುತ್ತಿತ್ತು. ನಿನ್ನೆಯಿಂದ ಯಾರೂ ಬಂದಿಲ್ಲ, ಬಾಡಿಗೆಗೆ ತಂದ ಕುರ್ಚಿಗಳೂ ವಾಪಸು ಹೋದವು. ನಿನ್ನ ಕಾಲಿನ ಪ್ಲಾಸ್ಟರ್ ಬಿಚ್ಚಿದರೇ? ಮಂಡಿ ಮಡಚಲು ಬರುತ್ತದೆಯೇ? ಬರುತ್ತದೆಂದು ಆಗಲೇ ಓಡಾಡಲು ಹೋಗಬೇಡ. ಅಣ್ಣನ ಮಣ್ಣಿಗೆ ಬರಲಾಗಲಿಲ್ಲ ಎಂದು ನೀನು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. "ಮುರಿದ ಕಾಲಲ್ಲಿ ಬಂದು ಏನ್ ಮಾಡ್ತಿದ್ದ, ಅವನನ್ನೂ ನಾವೇ ಹೊರಬೇಕಾಗ್ತಿತ್ತು" ಎಂದಳು. ಅಮ್ಮ ಹೀಗೆ ಮಾತಾಡುತ್ತಿದ್ದಾಳೆಂದರೆ ಚೇತರಿಸಿಕೊಳ್ಳುತ್ತಿದ್ದಾಳೆ ಎಂದೇ ತಿಳಿ.

ಎಲ್ಲವನ್ನೂ ಮೊದಲಿನಿಂದ ಬರಿ ಎಂದು ಕೇಳಿದ್ದೀಯ. ಬರೆಯುತ್ತೇನೆ.

ನಿನ್ನ ಅಣ್ಣ ರಜೆಯ ದಿನ ಮಧ್ಯಾಹ್ನ ಊಟ ಮಾಡಿ ಮಲಗಿದವನು ಏಳಲಿಲ್ಲ. ಹೃದಯ ನಿಂತುಹೋಯಿತು ಎಂದು ಡಾಕ್ಟರು ಬರೆದಿದ್ದಾರೆ. ಅವನಿಗೆ ಲಿಫ್ಟ್ ರಿಪೇರಿ ಕೆಲಸ ಕೊಟ್ಟಿದ್ದ ಕಂಪನಿಯವರು, ಶವದ ಪೆಟ್ಟಿಗೆಯನ್ನು ನಾವೇ ಕಳಿಸಿಕೊಡುತ್ತೇವೆ, ನೀವು ಬಿಡಿಸಿಕೊಂಡರೆ ಸಾಕು ಎಂದಿದ್ದರು. ಅಮ್ಮ ಒಪ್ಪಲಿಲ್ಲ. ಒಮ್ಮೆಯೂ ಊರಿಗೆ ಬರದೆ ಹದಿನಾರು ವರ್ಷ ಪರದೇಶದಲ್ಲಿ ಒಬ್ಬನೇ ಇದ್ದವನು ಬರುವಾಗಲೂ ಒಬ್ಬನೇ ಬರಬೇಕೇ, ಮನೆಯವರು ಯಾರಾದರೂ ಹೋಗಿ ಕರೆದುಕೊಂಡು ಬನ್ನಿ ಎಂದು ಹಟ ಹಿಡಿದಳು. ನೀನು ಹಾಸಿಗೆಯಲ್ಲಿದ್ದೆ. ಉಳಿದವಳು ನಾನು. ರೈಲ್ವೆ ಕೌಂಟರಿನಲ್ಲಿ ಕೂತು ಊರೂರಿಗೆ ಟಿಕೆಟ್ ಕೊಡುವವಳು ವಿಮಾನ ಹತ್ತಿದ್ದು ಅದೇ ಮೊದಲು.

ಅಣ್ಣನ ಜೊತೆ ಒಂದೇ ಕೋಣೆಯಲ್ಲಿದ್ದ ಗೆಳೆಯ ನನ್ನನ್ನು ಕರೆದುಕೊಂಡು ಹೋಗಲು ವಿಮಾನ ನಿಲ್ದಾಣಕ್ಕೆ ಬಂದಿದ್ದ. ಅವನೂ ಅದೇ ಕೆಲಸದವನು, ನಮ್ಮ ಮಾತಿನವನೇ. ಅವರ ಕೋಣೆ ಇರುವುದು ಐದನೇ ಮಹಡಿಯಲ್ಲಿ, ಕಟ್ಟಡದ ಲಿಫ್ಟ್ ಕೆಟ್ಟು ನಿಂತಿತ್ತು. ನಾನು ಏದುಸಿರು ಬಿಡುತ್ತ ಹತ್ತುವುದನ್ನು ನೋಡಿ ಅವನು ತಲೆ ತಗ್ಗಿಸಿದ. "ಇದನ್ನ ಅವನೇ ನೋಡ್ಕೋತಿದ್ದ ಅಕ್ಕ. ನಂಗೆ ಮುಟ್ಟೋಕೆ ಮನಸ್ಸಾಗಿಲ್ಲ" ಎಂದ.

ಕೋಣೆ ನಮ್ಮ ಅಡುಗೆಮನೆಗಿಂತ ಚಿಕ್ಕದು. ಎರಡು ಮಂಚ, ನಡುವೆ ಒಬ್ಬರು ನಿಂತು ಅಂಗಿ ಹಾಕಿಕೊಳ್ಳುವಷ್ಟು ಜಾಗ. ಕಿಟಕಿ ತೆರೆದರೆ ಎದುರು ಕಟ್ಟಡದ ಗೋಡೆ. ಗ್ರೀಸಿನ ಕಲೆಯಾದ ಒಂದು ಟವೆಲ್ಲು ಬಾಗಿಲ ಹಿಂದೆ ನೇತಾಡುತ್ತಿತ್ತು. ಅಣ್ಣನ ಬಟ್ಟೆಗಳನ್ನೆಲ್ಲ ಗೆಳೆಯ ಒಗೆದು, ಇಸ್ತ್ರಿ ಮಾಡಿ, ಸೂಟ್‌ಕೇಸಿನಲ್ಲಿ ಜೋಡಿಸಿಟ್ಟಿದ್ದ. ಮಾಸಿದ ಬಟ್ಟೆಯನ್ನು ಮನೆಗೆ ಕಳಿಸುವುದು ಸರಿಯಲ್ಲ ಎನಿಸಿತಂತೆ. ಒಂದಾದರೂ ಒಗೆಯದ ಅಂಗಿ ಇದ್ದಿದ್ದರೆ ಅಮ್ಮನಿಗೆ ತಂದುಕೊಡಬಹುದಿತ್ತು. ಆದರೆ ಅಷ್ಟು ಅಕ್ಕರೆಯಿಂದ ಮಾಡಿದವನಿಗೆ ಹಾಗೆ ಹೇಗೆ ಹೇಳುವುದು? ಒಳ್ಳೆಯದು ಮಾಡಿದೆ ಕಣಪ್ಪ ಎಂದೆ.

ಆಮೇಲಿನದೆಲ್ಲ ಕಚೇರಿಗಳ ಸುತ್ತಾಟ. ನಮ್ಮ ಕೌಂಟರಿನ ಮುಂದೆ ಜನ ಯಾಕೆ ಅಷ್ಟು ಸಿಡುಕುತ್ತಾರೆ ಎಂದು ನಾನು ಬೈದುಕೊಳ್ಳುತ್ತಿದ್ದೆನಲ್ಲ, ಆ ಕಡೆ ನಿಂತಾಗ ಗೊತ್ತಾಯಿತು. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ, ಇನ್ನೊಬ್ಬರು ಊಟಕ್ಕೆ ಹೋಗಿರುತ್ತಾರೆ. ಆಸ್ಪತ್ರೆಯಲ್ಲಿ ಗುರುತು ಹಿಡಿಯಲು ಕರೆದರು. ಹೋಗಿ ಸಹಿ ಮಾಡಿ ಬಂದೆ. ಆ ಕೋಣೆಯಲ್ಲಿ ವಿಪರೀತ ಚಳಿ.

ವಾಪಸು ಬರುವಾಗ ವಿಮಾನದಲ್ಲಿ ನಾನು ಮೇಲೆ ಸೀಟಿನಲ್ಲಿ, ಅಣ್ಣ ಕೆಳಗೆ ಸಾಮಾನಿನ ಜೊತೆ. ಇಳಿದ ಮೇಲೆ ನನ್ನ ದಾರಿ ಬೇರೆ, ಅವನ ದಾರಿ ಬೇರೆ. ಸರಕಿನ ಶೆಡ್ಡು ಹುಡುಕಿಕೊಂಡು ಹೋದೆ. ಹಣ್ಣಿನ ಬುಟ್ಟಿಗಳು, ಯಾರದೋ ಹೊಸ ಫ್ರಿಜ್ಜು, ಪಂಜರದಲ್ಲಿ ಒಂದು ನಾಯಿ. ಮೇಜಿನ ಗುಮಾಸ್ತ ತಲೆ ಎತ್ತದೆ, ನಿಮ್ಮದು ಏನು ಬಂದಿದೆ ಎಂದು ಕೇಳಿದ. "ತಮ್ಮ" ಎಂದೆ. ಅವನು ಕುರ್ಚಿಯಿಂದ ಎದ್ದು ನಿಂತ. ಆಮೇಲೆ ತಾನೇ ಮುಂದೆ ನಿಂತು ಕೆಲಸ ಮುಗಿಸಿಕೊಟ್ಟ.

ಮನೆಯ ಬಾಗಿಲಲ್ಲಿ ಪೆಟ್ಟಿಗೆ ತಿರುಗಲಿಲ್ಲ. ಬಾಗಿಲನ್ನೇ ಕಳಚಿ ಒಳಗೆ ತಂದರು. ತೆರೆಯಬಾರದು ಎಂದು ಅಲ್ಲಿಯ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಒಳಗೆ ತಗಡು ಹಾಕಿ ಬೆಸುಗೆ ಮಾಡಿದ್ದರು. ಸೋದರಮಾವ ಕೇಳುವವರೇ? ಹೆತ್ತವಳಿಗೆ ಮುಖ ತೋರಿಸದೆ ಮಣ್ಣು ಮಾಡುವುದು ಯಾವ ನ್ಯಾಯ ಎಂದು ಕೂಗಾಡಿದರು. ಪಕ್ಕದ ಮನೆಯ ಬಡಗಿಯನ್ನು ಕರೆಸಿದರು. ಅವನು ಉಳಿ, ಸುತ್ತಿಗೆ ಹಿಡಿದು ಅಮ್ಮನ ಅಪ್ಪಣೆಗೆ ಕಾಯುತ್ತ ನಿಂತ. ಮನೆತುಂಬ ಜನ. ಅಮ್ಮ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ನನ್ನ ಕಡೆ ತಿರುಗಿದಳು.

"ನೀನು ನೋಡ್ದೆಯಾ?"

"ನೋಡ್ದೆ ಅಮ್ಮ."

"ಹೇಗಿದ್ದ?"

"ಹೋಗುವಾಗ ಹೇಗಿದ್ನೋ ಹಾಗೇ ಇದ್ದ. ನಿದ್ದೆ ಮಾಡ್ತಿದ್ದ ಹಾಗೆ."

ಅಮ್ಮ ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಬಡಗಿಗೆ, "ಬೇಡಪ್ಪ, ನೀನು ಹೋಗು. ನನ್ನ ಮಗಳು ನೋಡಿದ್ದಾಳೆ" ಎಂದಳು. ಸಂಜೆಯೊಳಗೆ ಊರಾಚೆ ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿದೆವು.

ಆವತ್ತಿನಿಂದ ಅಮ್ಮ ಸರಿಯಾಗಿ ಉಣ್ಣುತ್ತಿದ್ದಾಳೆ. ಬಂದವರಿಗೆಲ್ಲ, ನನ್ನ ಮಗನ ಮುಖ ಒಂದಿಷ್ಟೂ ಬಾಡಿರಲಿಲ್ಲವಂತೆ ಎಂದು ಹೇಳುತ್ತಾಳೆ. ನಾನು ನಾಳೆಯಿಂದ ಕೆಲಸಕ್ಕೆ ಹೋಗುತ್ತೇನೆ. ನೀನು ಹುಷಾರಾಗಿರು, ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕಾಲು ಬೇಗ ಗಟ್ಟಿಯಾಗಲಿ, ಎದ್ದು ನಡೆದುಕೊಂಡು ಮನೆಗೆ ಬಾ. ನೂರು ಕಾಲ ಬಾಳು.

ಇಂತಿ,
ನಿನ್ನ ಅಕ್ಕ

ಮತ್ತೊಂದು ಮಾತು: ಅಮ್ಮನಿಗೆ ನಾನು ಹೇಳಿದ್ದು ಸುಳ್ಳು. ಆಸ್ಪತ್ರೆಯಲ್ಲಿ ಬಟ್ಟೆ ಸರಿಸಿದಾಗ ಅಲ್ಲಿ ಮಲಗಿದ್ದವನು ಯಾರೋ ಮುದುಕ. ಬೋಳುತಲೆ, ಗುಳಿಬಿದ್ದ ಕೆನ್ನೆ, ಪೂರ್ತಿ ನರೆತ ಗಡ್ಡ. ಅಪ್ಪ ತೀರಿಕೊಂಡಾಗಲೂ ಅಷ್ಟು ಮುದುಕರಾಗಿರಲಿಲ್ಲ. ಇವರು ಬೇರೆ ಯಾರನ್ನೋ ತೋರಿಸುತ್ತಿದ್ದಾರೆ, ನಮ್ಮವನು ಎಲ್ಲೋ ಬದುಕಿದ್ದಾನೆ ಎಂದುಕೊಂಡೆ. ಎಷ್ಟು ಸಂತೋಷವಾಯಿತೆಂದರೆ, ಪುಟ್ಟೂ, ನಾನು ಜೋರಾಗಿ ನಕ್ಕುಬಿಟ್ಟೆ. ಇವನು ನನ್ನ ತಮ್ಮ ಅಲ್ಲ ಎಂದು ಹೇಳಿ ಹೊರಟೇಬಿಟ್ಟಿದ್ದೆ. ಗೆಳೆಯ ತೋಳು ಹಿಡಿದು ನಿಲ್ಲಿಸಿದ. "ಅಕ್ಕ, ಅವನೇ. ಇನ್ನೊಂದ್ಸಲ ನೋಡಿ" ಎಂದ. ನೋಡಿದೆ. ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು, ಆದರೂ ಗುರುತು ಸಿಗಲಿಲ್ಲ. ಬೆರಳಚ್ಚು ತಾಳೆಯಾಗಿದೆ, ಅವನೇ, ಅನುಮಾನವಿಲ್ಲ. ಫೋಟೋ ಕಳಿಸು ಎಂದಾಗಲೆಲ್ಲ ಆ ಊರಿನ ಸೇತುವೆಯದ್ದು, ಉದ್ಯಾನದ್ದು ಯಾಕೆ ಕಳಿಸುತ್ತಿದ್ದ ಎಂದು ಈಗ ಅರ್ಥವಾಯಿತು. ನನಗೆ ಇನ್ನೂ ಅಳು ಬಂದಿಲ್ಲ. ಅಳೋಣವೆಂದು ಕೂತರೆ, ಯಾವ ಮುಖ ನೆನೆದು ಅಳಬೇಕೋ ತಿಳಿಯುವುದಿಲ್ಲ.