ಹೂವಂದ್ರ ಏನ್ರಿ?

ಶಿಗ್ಗಾಂವಿ
೧೪-೧೦-೨೦೨೫, ಮಂಗಳವಾರ

ಪ್ರೀತಿಯ ಅವ್ವಾ,

ಹೇಗಿದ್ದೀ? ಮೊಣಕಾಲು ನೋವು ಕಡಿಮೆಯಾಯಿತೇ? ನೀನು ರಟ್ಟೀಹಳ್ಳಿಗೆ ಹೋಗಿದ್ದು ಅಕ್ಕನ ಮುರಿದ ಕಾಲು ನೋಡಿಕೊಳ್ಳಲು. ಆದರೆ ಆ ಮನೆಯ ರೊಟ್ಟಿಯನ್ನೆಲ್ಲ ನೀನೇ ಬಡಿಯುತ್ತ ಕೂತಿರುತ್ತೀ, ನನಗೆ ಗೊತ್ತಿಲ್ಲವೇ? ಭಾವನಿಗೂ ಎರಡು ಕೈ ಇವೆ ಎಂದು ನೆನಪು ಮಾಡು. ಫೋನಿನಲ್ಲಿ ಹೇಳುವ ಮಾತಲ್ಲ ಇದು. ನೀನು ಸ್ಪೀಕರ್ ಹಾಕುತ್ತೀ, ಬೀಗರ ಮನೆಯವರೆಲ್ಲ ಕೇಳುತ್ತಾರೆ. ಅದಕ್ಕೇ ಬಸ್ಸಿನ ಮುಸ್ತಾಕಣ್ಣನ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ಒಬ್ಬಳೇ ಕೂತು ಓದು.

ನಮ್ಮ ವಿಜ್ಞಾನ ಕೇಂದ್ರದಲ್ಲಿ ಮೊರದಷ್ಟು ದೊಡ್ಡ ಪ್ಲಾಸ್ಟಿಕ್ ಹೂವಿದೆಯಲ್ಲ, ಬಟನ್ ಒತ್ತಿದರೆ ಹಳದಿ ದೀಪ ಹತ್ತುವುದು? ಅದನ್ನು ನೋಡುವ ಮುಂಚೆ ಒಮ್ಮೆ, ನೋಡಿದ ಮೇಲೆ ಒಮ್ಮೆ, ಹೂವು ಕಾಯಿಯಾಗುವುದು ಹೇಗೆಂದು ಬಂದವರನ್ನು ಕೇಳಿ ಅಂಕ ಹಾಕುವುದು ನನ್ನ ಕೆಲಸ. ಮೊದಮೊದಲು ಬಂದವರಲ್ಲಿ ಹೆಚ್ಚಿನವರು ನಿನ್ನಂತೆ ಹತ್ತಿ ಹೊಲದಲ್ಲಿ ಕ್ರಾಸಿಂಗ್ ಮಾಡುವ ಹೆಂಗಸರು. ಸಂಜೆ ಮೊಗ್ಗಿನ ಗಂಡು ಭಾಗ ತೆಗೆದು, ಬೆಳಿಗ್ಗೆ ಬೇರೆ ಗಿಡದ ಹೂವು ತಂದು ಒರೆಸಿ ಬೀಜ ಕಟ್ಟಿಸುವವರಿಗೆ ನಾನೇನು ಕೇಳಲಿ? ಎಲ್ಲ ಪಟಪಟ ಹೇಳಿದರು. ಮುಂಚೆಯೂ ಪೂರಾ ಅಂಕ, ಆಮೇಲೂ ಪೂರಾ ಅಂಕ. ಕೇಂದ್ರ ನಡೆಸುವ ನಮ್ಮ ಮೃತ್ಯುಂಜಯ ಸರ್ ತಲೆ ಮೇಲೆ ಕೈ ಹೊತ್ತು ಕೂತರು. "ಹಂಗಾರ ಇವರು ನಮ್ಮಲ್ಲಿ ಏನೂ ಕಲೀಲಿಲ್ಲಂತ ಆತಲ್ಲ ಸಮತಾ. ಕೇಂದ್ರ ಮುಚ್ಚತಾರ" ಎಂದರು. ಅವರಿಗೆ ಗೊತ್ತಿರುವುದನ್ನೇ ಬರೆದುಕೊಳ್ಳೋಣ, ಅದರ ಮೇಲೆ ಇನ್ನೇನು ತಿಳಿಯಬೇಕೆಂದು ಅವರನ್ನೇ ಕೇಳೋಣ ಎಂದೆ. ಮುಂದಿನ ವರ್ಷ ನೋಡೋಣ ಎಂದರು.

ಇದನ್ನು ಮನೆಗೆ ಬಂದು ನಿನ್ನೆದುರು ಹೇಳಿದ್ದೇ ತಪ್ಪಾಯಿತು. ಮರುವಾರವೇ ನೀನು ನಮ್ಮ ಹುಲಗೂರಿನಿಂದ ಟಂಟಂ ಆಟೊ ತುಂಬ ಗೆಳತಿಯರನ್ನು ಹೇರಿಕೊಂಡು ಬಂದೆ. ಮುಂಚಿನ ಪ್ರಶ್ನೆಗೆ ಒಬ್ಬೊಬ್ಬರದೂ ಒಂದೇ ಮಾತು, "ನಮಗೇನ ತಿಳೀತೈತ್ರಿ, ಹಳ್ಳ್ಯಾನ ಮಂದಿ." ಶಾರವ್ವಕ್ಕನಂತೂ ತಲೆಯಲ್ಲಿ ಸೇವಂತಿಗೆ ಮುಡಿದುಕೊಂಡು "ಹೂವಂದ್ರ ಏನ್ರಿ?" ಎಂದಳು. ನಗು ತಡೆಯಲಾರದೆ ಕೆಮ್ಮಿದೆ. ನಿನ್ನ ಸರದಿ ಬಂದಾಗ ನೀನು ನನ್ನ ಮುಖ ನೋಡಿ "ಗೊತ್ತಿಲ್ರಿ ಬಾಯಾರ" ಎಂದೆ. ಯಾರೋ ಮೇಡಂಗೆ ಅನ್ನುವಂತೆ, ಹೆತ್ತ ಮಗಳಿಗೆ ಬಾಯಾರ ಅಂತೆ. ನಿನ್ನ ಹೆಸರಿನ ಮುಂದೆ ಸೊನ್ನೆ ಹಾಕಿದೆ. ಹೂವಿನ ದೀಪ ನೋಡಿ ಬಂದದ್ದೇ ತಡ, ಎಲ್ಲರೂ ಪಟಪಟ ಹೇಳಿ ಪೂರಾ ಅಂಕ ತೆಗೆದುಕೊಂಡಿರಿ. ಹೊರಗೆ ಹೋಗುವಾಗ ಮಾತ್ರ ನೀನು ಮೆಲ್ಲಗೆ ಕೇಳಿದೆ, "ಮುಂಜಾನೆ ಮಳಿ ಹನಿ ಬಿದ್ರ ಎಷ್ಟ ಒರಸಿದ್ರೂ ಕಾಯಿ ಯಾಕ ಹಿಡಿಯೂದಿಲ್ಲ?" ಅಂಥ ಪ್ರಶ್ನೆಗಾಗಿಯೇ ಆ ಕೇಂದ್ರ ಇರಬೇಕಿತ್ತು. ಆದರೆ ನನ್ನ ಅಂಕದ ಹಾಳೆಯಲ್ಲಿ ಅದನ್ನು ಬರೆದುಕೊಳ್ಳಲು ಜಾಗವಿರಲಿಲ್ಲ.

ಈಗ ಆಗಿರುವುದು ಕೇಳು. ಏನೂ ತಿಳಿಯದವರಿಗೆ ಎಲ್ಲ ಕಲಿಸಿದ ಕೇಂದ್ರ ಎಂದು ಮೇಲಿನವರಿಗೆ ಖುಷಿಯೋ ಖುಷಿ. ಹಾನಗಲ್, ಸವಣೂರು, ಹಿರೇಕೆರೂರಿನಲ್ಲೂ ಇನ್ನು ಇದೇ ಕಾರ್ಯಕ್ರಮ, ಇದೇ ಪ್ರಶ್ನೆ. ಕೇಳುವವಳು ನಾನು. ನಮ್ಮ ಕೇಂದ್ರದ ಬಾಗಿಲಲ್ಲಿ ಆಳೆತ್ತರದ ನಿನ್ನ ಫೋಟೊ ಹಾಕಿದ್ದಾರೆ, ಕೆಳಗೆ "ಅಂದು ಏನೂ ತಿಳಿದಿರಲಿಲ್ಲ, ಇಂದು ಎಲ್ಲ ತಿಳಿಯಿತು" ಎಂದು ಬರೆಸಿದ್ದಾರೆ. ದಿನಾ ಅದನ್ನು ದಾಟಿಯೇ ಒಳಗೆ ಹೋಗಬೇಕು. ಆ ಊರುಗಳಲ್ಲೂ ಇದನ್ನೇ ಹಾಕುತ್ತಾರಂತೆ. ನಿಜ ಹೇಳಿದರೆ ನೀವೆಲ್ಲ ಸುಳ್ಳುಗಾರರಾಗುತ್ತೀರಿ, ನನ್ನ ನೌಕರಿ ಹೋಗುತ್ತದೆ. ಸುಮ್ಮನಿದ್ದರೆ ನನ್ನವ್ವ ದಡ್ಡಿ ಎಂದು ನಾಲ್ಕು ತಾಲೂಕು ಓದುತ್ತದೆ. ಅತ್ತ ದರಿ, ಇತ್ತ ಹುಲಿ. ಹೇಳಿಕೊಳ್ಳಲು ಇರುವವಳು ನೀನೊಬ್ಬಳೇ, ನನ್ನನ್ನು ಹೀಗೆ ಕಟ್ಟಿಹಾಕಿದವಳೂ ನೀನೇ, ಅದೂ ಪ್ರೀತಿಯಿಂದ.

ಶುಕ್ರವಾರ ಮೇಲಿನವರು ಬರುತ್ತಾರೆ. ನಿನ್ನನ್ನು ವೇದಿಕೆಗೆ ಕರೆಸಬೇಕಂತೆ. ಗುರುವಾರ ಸಂಜೆಯ ಬಸ್ಸಿಗೆ ಬಾ. ಹಸಿರು ಇಳಕಲ್ ಸೀರೆ ಇಸ್ತ್ರಿ ಮಾಡಿಸಿಟ್ಟಿದ್ದೇನೆ. ಅಕ್ಕನಿಗೆ ಕಾಲೂರಬೇಡ ಎನ್ನು, ಭಾವನಿಗೆ ನಮಸ್ಕಾರ ಹೇಳು. ನಿನ್ನ ಆಶೀರ್ವಾದ ಈ ಸಲ ಸ್ವಲ್ಪ ಹೆಚ್ಚೇ ಬೇಕು.

ನಿನ್ನ ಕಿರಿಯ ಮಗಳು,
ಸಮತಾ

ತಾ.ಕ.: ಮುಸ್ತಾಕಣ್ಣ ಹಾರ್ನ್ ಹೊಡೆಯುತ್ತಿದ್ದಾನೆ. ಒಂದು ಮಾತು ಹೇಳಿಲ್ಲ. ವೇದಿಕೆಯ ಮೇಲೆ ಮೈಕ್ ಹಿಡಿದು "ಮುಂಚೆ ನಿಮಗೆ ಏನು ಗೊತ್ತಿತ್ತು?" ಎಂದು ಕೇಳುವವಳು ನಾನೇ. ಹೊಲದಲ್ಲಿ ನನಗೆ ಕಲಿಸಿದ್ದನ್ನೆಲ್ಲ ಹೇಳು. ಆ ಮಳೆಯ ಪ್ರಶ್ನೆಯನ್ನೂ ಅವರಿಗೇ ಕೇಳು. ನೌಕರಿ ಹೋದರೆ ಹೋಗಲಿ, ನಿನ್ನ ಸಂಗಡ ಕ್ರಾಸಿಂಗಿಗೆ ಬರುತ್ತೇನೆ. ಉತ್ತರ ಹೇಳುವಾಗ ನನ್ನ ಮುಖ ಮಾತ್ರ ನೋಡಬೇಡ. ನೋಡಿದರೆ ಮತ್ತೆ "ಗೊತ್ತಿಲ್ಲ" ಅಂದುಬಿಡುತ್ತೀ.