ಹರಿದ ಕಾಲರ್

14 ಮಾರ್ಚ್ 2026, ಶನಿವಾರ

ಕಣ್ಣು ಮುಚ್ಚಿದರೆ ಆ ಲಾಟೀನು ಆರಿದ್ದೇ ಕಾಣುತ್ತೆ.

ಎತ್ತರ ನನಗೆ ಲೆಕ್ಕಕ್ಕಿಲ್ಲ. ನಿನ್ನೆ ತಾನೇ ಪಿರಿಯಾಪಟ್ಟಣದ ಹತ್ರ ಅರವತ್ತು ಮೀಟರ್ ಮೊಬೈಲ್ ಟವರ್ ತುದೀಲಿ ಬೋಲ್ಟು ಬಿಗಿದು ಬಂದೋನು ನಾನು. ಅಂಥವನಿಗೆ ಸೋದರಮಾವ ಅಂಕಯ್ಯನ ತೋಟದ ನಲವತ್ತಡಿ ಪಾಳುಬಾವಿ ಯಾವ ಮಹಾ! ಹೂಳು ತೆಗೆಯೋಕೆ ನಾನೇ ಇಳೀತೀನಿ ಅಂತ ಟವರಿನ ಬೆಲ್ಟು ಕಟ್ಟಿ, ಒಂದು ಕಾಲು ಒಳಗೆ ಬಿಟ್ಟೂ ಆಗಿತ್ತು. ಮಾವ ಹಿಂದಿನಿಂದ ಕಾಲರ್ ಹಿಡಿದು ಎಳೆದ. ಪರ್ರನೆ ಹರೀತು.

"ಮೊದ್ಲು ದೀಪ ಇಳೀಲಿ ಕಣ್ಲಾ, ಆಮ್ಯಾಕೆ ನೀನು."

ಹೊಸ ಶರ್ಟು. ಸಿಟ್ಟು ಬಂತು. ಮಾವ ಲಾಟೀನಿಗೆ ಹಗ್ಗ ಕಟ್ಟಿ ಇಳಿಬಿಟ್ಟ. ಅರ್ಧ ಬಾವಿಗೆ ಹೋಗಿ ಆರಿಹೋಯ್ತು.

"ಎಣ್ಣೆ ಮುಗಿದಿರಬೇಕು ಬುಡು ಮಾವ" ಅಂದೆ.

ಅವನು ಅದನ್ನ ಮೇಲೆಳೆದು ಮತ್ತೆ ಹಚ್ಚಿದ. ಮೇಲೆ ಚೆನ್ನಾಗೇ ಉರೀತು. ಇಳಿಬಿಟ್ಟರೆ ಅದೇ ಜಾಗದಲ್ಲಿ ಆರಿತು.

"ಬೆಂಕಿಗೇ ಉಸಿರಿಲ್ಲ, ನಿಂಗೆಲ್ಲಿಂದ ಬತ್ತದೆ?"

ಬಾವಿಗೆ ಮತ್ತೆ ಹಲಗೆ ಮುಚ್ಚಿದೆವು.

ಈಗ ಮೊಬೈಲಲ್ಲಿ ನೋಡಿದೆ. ಸಮುದ್ರದ ಅತಿ ಆಳದ ಜಾಗ ಸುಮಾರು ಹನ್ನೊಂದು ಕಿಲೋಮೀಟರಂತೆ, ಎವರೆಸ್ಟೇ ಮುಳುಗಿಹೋಗುತ್ತಂತೆ. ನನಗೆ ಸಾಯೋಕೆ ಇಪ್ಪತ್ತಡಿ ಸಾಕಿತ್ತು.

ಸೋಮವಾರ ಇನ್ನೊಂದು ಟವರ್ ಇದೆ. ಹತ್ತುತೀನಿ, ಅದರಲ್ಲೇನೂ ಅನುಮಾನ ಇಲ್ಲ. ಅಲ್ಲಿ ಏನು ಕೆಟ್ಟರೂ ಕಣ್ಣಿಗೆ ಕಾಣುತ್ತೆ.

ಹೆಂಡತಿ ಪ್ರಿಯಾ ಸೂಜಿ ದಾರ ತಂದು ಕಾಲರ್ ಹೊಲಿಯೋಕೆ ಕೂತಳು. ಬೇಡ, ಹಂಗೇ ಇರಲಿ ಅಂದೆ. ಯಾಕ್ರೀ ಅಂದಳು. ಶರ್ಟು ಅವಳ ಕೈಯಿಂದ ತಗೊಂಡು ಗೂಟಕ್ಕೆ ನೇತುಹಾಕಿದೆ. ಸೋಮವಾರ ಟವರಿಗೆ ಅದೇ ಶರ್ಟು ಹಾಕ್ಕೊಂಡು ಹೋಗ್ತೀನಿ.